ಬಲಗಣ್ಣಿನ ನೀರು ಬೇರೆ, ಎಡಗಣ್ಣಿನ ನೀರು ಬೇರೆ

ಪ್ರೂಫ್ ತಿದ್ದುವ ಕೆಲಸ ಮಾಡುವ 63 ವರ್ಷದ ಮಹಿಳೆಯೊಬ್ಬರ ಪ್ರಕರಣ ಇದು. ಮನೆಯಲ್ಲೇ ಕಂಪ್ಯೂಟರ್ ಮುಂದೆ ದಿನಕ್ಕೆ ಐದಾರು ಗಂಟೆ ಕೂರುತ್ತಾರೆ. ಹೆಸರು ಹೇಳುವುದಿಲ್ಲ, ಯಾಕೆಂದರೆ ಇವರು ಒಬ್ಬರಲ್ಲ. ಕಣ್ಣಿನ ಡಾಕ್ಟರ ಹತ್ತಿರ ಬರುವ ಹಲವರ ತೊಂದರೆಗಳನ್ನು ಸೇರಿಸಿ ಒಬ್ಬರ ಕಥೆಯಾಗಿ ಬರೆದಿದ್ದೇನೆ. ಪರೀಕ್ಷೆ, ಅಳತೆ, ಚಿಕಿತ್ಸೆ ಮಾತ್ರ ನಿಜವಾಗಿ ಹೇಗೆ ನಡೆಯುತ್ತವೋ ಹಾಗೇ ಇವೆ.

ದೂರು ಚಿಕ್ಕದು. "ಎರಡೂ ಕಣ್ಣಲ್ಲಿ ನೀರು ಸೋರ್ತಾನೇ ಇರುತ್ತೆ ಡಾಕ್ಟ್ರೇ. ಎಂಟು ತಿಂಗಳಾಯ್ತು. ನೋಡಿದವರೆಲ್ಲ ಯಾಕೆ ಅಳ್ತಾ ಇದ್ದೀರ ಅಂತಾರೆ."

ನೋವಿಲ್ಲ. ಓದುವಾಗ ಅಕ್ಷರ ಮಸುಕಾಗುತ್ತದೆ, ನಾಲ್ಕು ಸಲ ರೆಪ್ಪೆ ಬಡಿದರೆ ಸರಿಹೋಗುತ್ತದೆ. ಸಂಜೆ ಹೊತ್ತಿಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ.

ಈ ಎಂಟು ತಿಂಗಳು ಅವರೇನೂ ಸುಮ್ನೆ ಕೂತಿರಲಿಲ್ಲ. ಯಾರೋ ಅಲರ್ಜಿ ಅಂದರು ಅಂತ ಸೆಟಿರಿಝಿನ್ ಥರದ ಅಲರ್ಜಿ ಮಾತ್ರೆಯನ್ನು ದಿನಾ ರಾತ್ರಿ ನುಂಗುತ್ತಿದ್ದರು. ಯಜಮಾನರಿಗೆ ಪೊರೆ ಆಪರೇಷನ್ ಆದಾಗ ಕೊಟ್ಟಿದ್ದ ಕಣ್ಣಿನ ಡ್ರಾಪ್ಸ್ ಮನೆಯಲ್ಲಿ ಅರ್ಧ ಉಳಿದಿತ್ತು. ಅದು ಖಾಲಿಯಾದ ಮೇಲೆ ಅದೇ ಹೆಸರಿನ ಇನ್ನೊಂದು ಬಾಟಲಿ ತರಿಸಿದರು. ಹಾಕಿದ ದಿನ ಕೆಂಪು ಇಳಿಯುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು. ನೀರು ಮಾತ್ರ ನಿಲ್ಲಲಿಲ್ಲ.

ಕೇಳಿದ ಪ್ರಶ್ನೆ

ಡಾಕ್ಟರು ಟಾರ್ಚ್ ಕೈಗೆತ್ತಿಕೊಳ್ಳುವ ಮೊದಲು ಒಂದು ಮಾತು ಕೇಳಿದರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದೇ.

"ಎರಡೂ ಕಣ್ಣು ಅಂದ್ರಲ್ಲ. ಬಲಗಣ್ಣಿನದು ಬೇರೆ ಹೇಳಿ, ಎಡಗಣ್ಣಿನದು ಬೇರೆ ಹೇಳಿ."

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಹಾಗೆ ಯಾರೂ ಕೇಳಿರಲಿಲ್ಲ. ಬಲಗಣ್ಣು ಇಡೀ ದಿನ ಸೋರುವುದಿಲ್ಲ. ಕಂಪ್ಯೂಟರ್ ಮುಂದೆ ಕೂತು ಒಂದು ಗಂಟೆಯಾದಾಗ, ಫ್ಯಾನ್ ಗಾಳಿ ಮುಖಕ್ಕೆ ಬಡಿದಾಗ, ಏಸಿ ಇರುವ ಕಡೆ ಹೋದಾಗ ಇದ್ದಕ್ಕಿದ್ದ ಹಾಗೆ ಬರುತ್ತದೆ, ಆಮೇಲೆ ನಿಲ್ಲುತ್ತದೆ. ಮೊದಲು ಉರಿ, ಆಮೇಲೆ ನೀರು. ಎಡಗಣ್ಣಿನ ಕಥೆಯೇ ಬೇರೆ. ಅದು ಬೆಳಿಗ್ಗೆಯಿಂದ ರಾತ್ರಿವರೆಗೂ ತುಂಬಿಕೊಂಡೇ ಇರುತ್ತದೆ. ಗಾಳಿ ಇರಲಿ ಬಿಡಲಿ, ಕೆನ್ನೆ ಮೇಲೆ ಇಳಿಯುತ್ತದೆ. ಬೆಳಿಗ್ಗೆ ಏಳುವಾಗ ಮೂಗಿನ ಪಕ್ಕದ ಮೂಲೆಯಲ್ಲಿ ಗೀಜು ಕಟ್ಟಿರುತ್ತದೆ.

"ತುರಿಕೆ ಇದೆಯಾ?"

"ಇಲ್ಲ. ಉರಿ ಇದೆ, ತುರಿಕೆ ಇಲ್ಲ."

ಅಲರ್ಜಿಯ ವಿಷಯ ಇಲ್ಲಿಗೇ ಅರ್ಧ ಮುಗಿಯಿತು. ಕಣ್ಣಿನ ಅಲರ್ಜಿಗೆ ಮೊದಲ ಗುರುತೇ ತುರಿಕೆ. ಉಜ್ಜಿ ಉಜ್ಜಿ ಕೆಂಪು ಮಾಡಿಕೊಳ್ಳುವಷ್ಟು ತುರಿಕೆ, ಜೊತೆಗೆ ಸೀನು, ಮೂಗು ಸೋರುವುದು, ರೆಪ್ಪೆ ಊದುವುದು. ಹೆಚ್ಚಾಗಿ ಎರಡೂ ಕಣ್ಣಿಗೆ ಒಂದೇ ಥರ ಬರುತ್ತದೆ. ಇವರಿಗೆ ಅದ್ಯಾವುದೂ ಇರಲಿಲ್ಲ.

ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ

ಕಣ್ಣೀರಿನ ಗ್ರಂಥಿ ಇರುವುದು ಮೇಲಿನ ರೆಪ್ಪೆಯ ಒಳಗೆ, ಕಿವಿಯ ಕಡೆಗೆ. ಅಳುವಾಗ, ಏನಾದರೂ ಚುಚ್ಚಿದಾಗ ಧಾರೆಯಾಗಿ ಬರುವುದು ಅಲ್ಲಿಂದ. ಉಳಿದ ಹೊತ್ತಿನಲ್ಲಿ ತೆಳ್ಳಗೆ ಒಂದು ಪದರ ಮಾತ್ರ ಕಣ್ಣಿನ ಮೇಲೆ ಹರಡಿರುತ್ತದೆ. ಅದರಲ್ಲಿ ನೀರಷ್ಟೇ ಇರುವುದಿಲ್ಲ. ಕಣ್ಣಿಗೆ ಅಂಟಿಕೊಳ್ಳಲು ಲೋಳೆಯಂಥ ಪದಾರ್ಥ ಬೇಕು. ಆವಿಯಾಗಿ ಹಾರಿಹೋಗದ ಹಾಗೆ ಮೇಲೆ ಎಣ್ಣೆಯ ಪೊರೆ ಬೇಕು. ಆ ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಸಣ್ಣ ಗ್ರಂಥಿಗಳಿಂದ. ಮೇಲಿನ ರೆಪ್ಪೆ, ಕೆಳಗಿನ ರೆಪ್ಪೆ ಎರಡರಲ್ಲೂ ಇಪ್ಪತ್ತಕ್ಕಿಂತ ಹೆಚ್ಚು ಇರುತ್ತವೆ.

ಇನ್ನು ಹೊರಗೆ ಹೋಗುವ ದಾರಿ. ಕನ್ನಡಿ ಮುಂದೆ ನಿಂತು ಕೆಳಗಿನ ರೆಪ್ಪೆಯನ್ನು ಮೂಗಿನ ಹತ್ತಿರ ಸ್ವಲ್ಪ ಕೆಳಗೆಳೆದು ನೋಡಿ. ಅಂಚಿನಲ್ಲಿ ಸೂಜಿಮೊನೆಯಷ್ಟು ಒಂದು ತೂತು ಕಾಣುತ್ತದೆ. ಮೇಲಿನ ರೆಪ್ಪೆಯಲ್ಲೂ ಅಂಥದ್ದೇ ಒಂದಿದೆ. ಪ್ರತಿ ಸಲ ರೆಪ್ಪೆ ಬಡಿದಾಗ ಹಳೆಯ ಕಣ್ಣೀರು ಈ ತೂತುಗಳ ಮೂಲಕ ಒಳಗೆ ಹೋಗುತ್ತದೆ. ಸಣ್ಣ ಕೊಳವೆ ದಾಟಿ ಮೂಗಿನ ಪಕ್ಕದಲ್ಲಿರುವ ಕಣ್ಣೀರಿನ ಚೀಲಕ್ಕೆ ಬರುತ್ತದೆ. ಅಲ್ಲಿಂದ ಎಲುಬಿನ ಒಳಗಿನ ನಾಳದ ಮೂಲಕ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು, ಕಣ್ಣಿಗೆ ಡ್ರಾಪ್ಸ್ ಹಾಕಿದರೆ ಗಂಟಲಲ್ಲಿ ಕಹಿ ಅನ್ನಿಸುವುದು ಇದೇ ಕಾರಣಕ್ಕೆ.

ಹಾಗಾಗಿ ಸಿಂಕು ತುಂಬಿ ಹರಿದಾಗ ಕೇಳುವ ಪ್ರಶ್ನೆಯನ್ನೇ ಇಲ್ಲೂ ಕೇಳಬೇಕು: ನಲ್ಲಿ ಜಾಸ್ತಿ ಬಿಟ್ಟಿದೆಯಾ, ಇಲ್ಲಾ ಕೆಳಗಿನ ಪೈಪು ಕಟ್ಟಿಕೊಂಡಿದೆಯಾ? ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ಉಲ್ಟಾ ಹೊಡೆಯುವುದೂ ಉಂಟು. ಕಣ್ಣು ತೀರಾ ಒಣಗಿದವರಿಗೆ ಆ ಸಣ್ಣ ತೂತುಗಳಿಗೆ ಬೇಕಂತಲೇ ಪ್ಲಗ್ ಹಾಕಿ ಮುಚ್ಚುತ್ತಾರೆ, ಇರುವ ನೀರು ಉಳಿಯಲಿ ಅಂತ. ದಾರಿ ಕಟ್ಟಿಕೊಂಡವರಿಗೆ ಅದನ್ನೇ ಮಾಡಿದರೆ ಏನಾಗಬಹುದು, ನೀವೇ ಯೋಚಿಸಿ.

ಪರೀಕ್ಷೆಯಲ್ಲಿ ಕಂಡದ್ದು

ಮೊದಲು ದೃಷ್ಟಿ ಪರೀಕ್ಷೆ. ಎರಡೂ ಕಣ್ಣಿನಲ್ಲಿ ಪೊರೆ ಶುರುವಾಗಿತ್ತು, ಆದರೆ ಆಪರೇಷನ್ ಬೇಕಾಗುವಷ್ಟು ಬಲಿತಿರಲಿಲ್ಲ.

ಆಮೇಲೆ ಡಾಕ್ಟರು ಏನೂ ಮಾಡದೆ ಎದುರಿಗೆ ಕೂತು ಅವರ ಮುಖ ನೋಡಿದರು. ಕಾಲಹರಣ ಅನ್ನಿಸಬಹುದು, ಆದರೆ ಇಲ್ಲಿ ಸಿಗುವಷ್ಟು ಮಾಹಿತಿ ಯಂತ್ರದಲ್ಲೂ ಸಿಗುವುದಿಲ್ಲ. ರೆಪ್ಪೆ ಪೂರ್ತಿ ಮುಚ್ಚುತ್ತದೆಯಾ? ಮುಖದ ಒಂದು ಪಕ್ಕ ಜೋತುಬಿದ್ದಿದೆಯಾ? ಬೆಲ್ಸ್ ಪಾಲ್ಸಿಯಲ್ಲಿ ಮುಖದ ನರ ಸೋತಾಗ ರೆಪ್ಪೆ ಸರಿಯಾಗಿ ಬಡಿಯುವುದಿಲ್ಲ, ನೀರನ್ನು ಒಳಗೆ ತಳ್ಳುವ ಶಕ್ತಿ ಇರುವುದಿಲ್ಲ, ಹಾಗಾಗಿ ಹೊರಗೆ ಸೋರುತ್ತದೆ. ವಯಸ್ಸಾದವರಲ್ಲಿ ಕೆಳರೆಪ್ಪೆ ಸಡಿಲವಾಗಿ ಹೊರಕ್ಕೆ ಮಗುಚಿದ್ದರೆ ತೂತು ಕಣ್ಣಿಗೆ ತಾಗುವುದೇ ಇಲ್ಲ. ಒಳಕ್ಕೆ ಮಗುಚಿದ್ದರೆ ರೆಪ್ಪೆಗೂದಲು ಇಡೀ ದಿನ ಕಣ್ಣನ್ನು ಗೀರುತ್ತಿರುತ್ತದೆ. ಡಾಕ್ಟರು ಕೆಳರೆಪ್ಪೆಯನ್ನು ಬೆರಳಿನಿಂದ ಕೆಳಗೆಳೆದು ಬಿಟ್ಟರು. ತಕ್ಷಣ ಹಿಂದಕ್ಕೆ ಹೋಗಬೇಕು. ಇವರದ್ದು ಹೋಯಿತು, ಆದರೆ ಎಡಗಡೆ ಕೊಂಚ ನಿಧಾನ.

"ಕಣ್ಣು ಹೇಗೆ ಒರೆಸಿಕೊಳ್ತೀರಿ?"

ಅವರು ಕರವಸ್ತ್ರದಲ್ಲಿ ಕೆಳಕ್ಕೆ, ಹೊರಕ್ಕೆ ಜೋರಾಗಿ ಒರೆಸಿ ತೋರಿಸಿದರು. ತಿಂಗಳುಗಟ್ಟಲೆ ಹಾಗೆ ಎಳೆದರೆ ಸಡಿಲವಾದ ರೆಪ್ಪೆ ಇನ್ನೂ ಸಡಿಲವಾಗುತ್ತದೆ. ಒರೆಸುವುದಾದರೆ ಮೆತ್ತಗೆ ಒತ್ತಬೇಕು, ಮೂಗಿನ ಕಡೆಗೆ.

ಸ್ಲಿಟ್ ಲ್ಯಾಂಪ್ ಅನ್ನುವ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ರೆಪ್ಪೆಯ ಅಂಚು ದಪ್ಪಗೆ, ಕೆಂಪಗೆ ಕಂಡಿತು. ಅಂಚನ್ನು ಒತ್ತಿದರೆ ಎಣ್ಣೆ ತೆಳ್ಳಗೆ, ತಿಳಿಯಾಗಿ ಬರಬೇಕು. ಇಲ್ಲಿ ಬಿಳೀ ಪೇಸ್ಟು ಗಟ್ಟಿಯಾಗಿ ಹೊರಬಂತು. ಎಣ್ಣೆಯ ಗ್ರಂಥಿಗಳು ಕಟ್ಟಿಕೊಂಡಿವೆ ಅಂತ ಅರ್ಥ. ಮೇಲಿನ ರೆಪ್ಪೆಯನ್ನು ಮಗುಚಿ ಕಸ ಏನಾದರೂ ಸಿಕ್ಕಿಕೊಂಡಿದೆಯಾ ಅಂತಲೂ ನೋಡಿದರು. ಇರಲಿಲ್ಲ. ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದಲ್ಲಿ, ಹುಣ್ಣಿಲ್ಲ, ಕಣ್ಣಿನ ಒಳಗೆ ಉರಿಯೂತ ಇಲ್ಲ.

ನಂತರ ಕಿತ್ತಳೆ ಬಣ್ಣದ ಫ್ಲೋರೆಸೀನ್ ಪಟ್ಟಿಯನ್ನು ಎರಡೂ ಕಣ್ಣಿಗೆ ತಾಗಿಸಿದರು. ನೀಲಿ ಬೆಳಕಿನಲ್ಲಿ ಕಣ್ಣೀರು ಹಸಿರಾಗಿ ಹೊಳೆಯುತ್ತದೆ. ರೆಪ್ಪೆ ಬಡಿಯದೆ ಹಾಗೇ ತೆರೆದಿಟ್ಟರೆ ಆ ಹಸಿರು ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಅಂತ ಎಣಿಸುತ್ತಾರೆ. 10 ಸೆಕೆಂಡಿಗಿಂತ ಕಡಿಮೆ ಇದ್ದರೆ ಪದರ ಗಟ್ಟಿ ಇಲ್ಲ. ಇವರಿಗೆ ಬಲಗಣ್ಣಿನಲ್ಲಿ 4 ಸೆಕೆಂಡಿಗೇ ಕಪ್ಪು ಚುಕ್ಕೆ ಕಾಣಿಸಿಕೊಂಡಿತು. ಎಡಗಣ್ಣಿನಲ್ಲಿ 5.

ಐದು ನಿಮಿಷ ಬಿಟ್ಟು ಮತ್ತೆ ನೋಡಿದರು. ಈ ಸಲ ನೋಡಿದ್ದು ಬಣ್ಣ ಎಷ್ಟು ಉಳಿದಿದೆ ಅಂತ. ಬಲಗಣ್ಣು ಹೆಚ್ಚು ಕಡಿಮೆ ತೊಳೆದುಹೋಗಿತ್ತು. ಎಡಗಣ್ಣಿನ ಅಂಚಿನಲ್ಲಿ ದಪ್ಪ ಹಸಿರು ಗೆರೆ ಹಾಗೇ ನಿಂತಿತ್ತು, ಒಂದು ಹನಿ ಕೆನ್ನೆಗೂ ಇಳಿದಿತ್ತು. ಎರಡೂ ಕಣ್ಣು ಒಂದೇ ಥರ ಸೋರುತ್ತಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ!

ಸ್ವಲ್ಪ ಹೊತ್ತು ಬಿಟ್ಟು ಶರ್ಮರ್ ಪಟ್ಟಿ. 5 ಮಿಲಿಮೀಟರ್ ಅಗಲ, 35 ಮಿಲಿಮೀಟರ್ ಉದ್ದದ ಕಾಗದವನ್ನು ಕೆಳರೆಪ್ಪೆಗೆ ಸಿಕ್ಕಿಸಿ 5 ನಿಮಿಷ ಕೂರಿಸುತ್ತಾರೆ. ಎಷ್ಟು ಉದ್ದ ಒದ್ದೆಯಾಗುತ್ತದೆ ಅನ್ನುವುದೇ ಲೆಕ್ಕ. 10ಕ್ಕಿಂತ ಕಡಿಮೆ ಇದ್ದರೆ ಒಣಗಣ್ಣಿನ ಅನುಮಾನ, 5ಕ್ಕಿಂತ ಕಡಿಮೆ ಇದ್ದರೆ ಅನುಮಾನ ಗಟ್ಟಿ. ಬಲಗಣ್ಣಿನಲ್ಲಿ 7 ಬಂತು. ಎಡಗಣ್ಣಿನಲ್ಲಿ 14, ಆದರೆ ಅಲ್ಲಿ ನಿಂತ ನೀರೇ ಇದ್ದಿದ್ದರಿಂದ ಆ ಅಂಕಿಯನ್ನು ಡಾಕ್ಟರು ಲೆಕ್ಕಕ್ಕೆ ಹಿಡಿಯಲಿಲ್ಲ.

"ಒಣಗಣ್ಣಾ?" ಅವರಿಗೆ ನಗು ಬಂತು. "ನೀರು ಸೋರ್ತಿದೆ ಅಂತ ಬಂದ್ರೆ ಒಣಗಿದೆ ಅಂತೀರಲ್ಲ!"

ಕೇಳಿದವರಿಗೆಲ್ಲ ಇದು ತಮಾಷೆಯಾಗೇ ಕಾಣುತ್ತದೆ. ಆದರೆ ಕೆಲಸ ಹೀಗೆ ನಡೆಯುತ್ತದೆ. ಎಣ್ಣೆ ಸರಿಯಿಲ್ಲದ ಪದರ ಬೇಗ ಆವಿಯಾಗುತ್ತದೆ. ಕಣ್ಣಿನ ಮೇಲ್ಮೈ ಅಲ್ಲಲ್ಲಿ ಬರಿದಾಗುತ್ತದೆ, ಉರಿಯುತ್ತದೆ. ಆ ಉರಿ ನರದ ಮೂಲಕ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ, ಗ್ರಂಥಿ ಒಂದೇ ಸಲ ನೀರು ಸುರಿಸುತ್ತದೆ. ಆ ನೀರಿನಲ್ಲಿ ಎಣ್ಣೆ ಇಲ್ಲ, ಅದು ಕಣ್ಣಿಗೆ ಹತ್ತದೆ ಕೆನ್ನೆಗೆ ಹೋಗುತ್ತದೆ, ಕಣ್ಣು ಮತ್ತೆ ಒಣಗುತ್ತದೆ. ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕಿಂತಲೂ ಕೆಳಗೆ ಇಳಿಯಬಹುದು, ಬಡಿದರೂ ಪೂರ್ತಿ ಮುಚ್ಚುವುದಿಲ್ಲ. ಪ್ರೂಫ್ ತಿದ್ದುವವರಂತೂ ಒಂದು ದೀರ್ಘ ತಪ್ಪಿಹೋದರೂ ಆಗದು ಅಂತ ಕಣ್ಣು ಕೀಲಿಸಿ ಕೂತಿರುತ್ತಾರೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಕಣ್ಣು ಒಣಗುವುದು ಜಾಸ್ತಿ. ಇದೆಲ್ಲದರ ಮೇಲೆ ಅಲರ್ಜಿ ಮಾತ್ರೆ! ಮೂಗು ಒಣಗಿಸುವ ಹಾಗೆ ಅದು ಕಣ್ಣನ್ನೂ ಒಣಗಿಸುತ್ತದೆ. ನೀರು ನಿಲ್ಲಲಿ ಅಂತ ನುಂಗಿದ ಮಾತ್ರೆಯೇ ಬಲಗಣ್ಣಿನ ನೀರನ್ನು ಹೆಚ್ಚಿಸುತ್ತಿತ್ತು.

ಇನ್ನು ಎಡಗಣ್ಣು. ಡಾಕ್ಟರು ಮೂಗಿನ ಪಕ್ಕದಲ್ಲಿ, ಕಣ್ಣೀರಿನ ಚೀಲ ಇರುವ ಕಡೆ, ತೋರುಬೆರಳಿನಿಂದ ಒತ್ತಿದರು. ಕೆಳರೆಪ್ಪೆಯ ಆ ಸಣ್ಣ ತೂತಿನಿಂದ ಮಸುಕಾದ ಲೋಳೆ ಮೇಲಕ್ಕೆ ಉಕ್ಕಿತು. ಬೆಳಗಿನ ಗೀಜು ಎಲ್ಲಿಂದ ಬರುತ್ತಿತ್ತು ಅಂತ ಅಲ್ಲೇ ಗೊತ್ತಾಯಿತು. ಖಚಿತ ಮಾಡಿಕೊಳ್ಳಲು ಸಿರಿಂಜಿಂಗ್ ಮಾಡಿದರು. ಮರಗಟ್ಟಿಸುವ ಹನಿ ಹಾಕಿ, ಮೊಂಡು ತುದಿಯ ತೆಳ್ಳನೆ ಸೂಜಿಯಿಂದ ತೂತಿನೊಳಗೆ ಸಲೈನ್ ಬಿಡುವ ಪರೀಕ್ಷೆ ಇದು. ಹೆಸರು ಕೇಳಿದರೆ ಭಯ, ಆದರೆ ಮುಗಿಯುವುದು ಒಂದೆರಡು ನಿಮಿಷದಲ್ಲಿ.

ಬಲಗಡೆ ಬಿಟ್ಟಾಗ, "ಗಂಟಲಿಗೆ ಉಪ್ಪುಪ್ಪು ಬಂತಾ?"

"ಹೂಂ, ಬಂತು."

ಎಡಗಡೆ ಬಿಟ್ಟಾಗ ಗಂಟಲಿಗೆ ಏನೂ ಬರಲಿಲ್ಲ. ಕೆಳಗಿನ ತೂತಿನಿಂದ ಹೋದ ನೀರು ಮೇಲಿನ ತೂತಿನಿಂದ ಲೋಳೆಯ ಜೊತೆ ವಾಪಸ್ ಬಂತು. ಅಂದರೆ ಎರಡು ಸಣ್ಣ ಕೊಳವೆಗಳೂ ತೆರೆದಿವೆ, ಚೀಲದವರೆಗೆ ದಾರಿ ಇದೆ. ಕಟ್ಟಿಕೊಂಡಿರುವುದು ಚೀಲದ ಕೆಳಗೆ, ಮೂಗಿಗೆ ಇಳಿಯುವ ನಾಳದಲ್ಲಿ. ನಡುವಯಸ್ಸು ದಾಟಿದ ಹೆಂಗಸರಲ್ಲಿ ಇದು ಸಾಮಾನ್ಯ. ಮೂಗಿನೊಳಗೆ ಗಡ್ಡೆ, ಹಳೆಯ ಪೆಟ್ಟು, ಸೈನಸ್ ಆಪರೇಷನ್, ಕೆಲವು ಕ್ಯಾನ್ಸರ್ ಔಷಧಿ ಕೂಡ ಕಾರಣ ಆಗಬಹುದು. ಅದಕ್ಕೇ ಮೂಗನ್ನೂ ಇಣುಕಿ ನೋಡಿಸಿದರು. ಬೇರೇನೂ ಕಾಣಲಿಲ್ಲ.

ಕೊನೆಗೆ ಕಣ್ಣಿನ ಒತ್ತಡ. 10ರಿಂದ 21 ಮಿಲಿಮೀಟರ್ ಪಾದರಸ ಇರಬೇಕಾದ ಕಡೆ ಬಲಕ್ಕೆ 23, ಎಡಕ್ಕೆ 24 ಇತ್ತು. ಯಜಮಾನರ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇತ್ತು. ಕೆಲವರಿಗೆ ಸ್ಟೀರಾಯ್ಡ್ ಹನಿಯಿಂದ ಒತ್ತಡ ಏರುತ್ತದೆ. ತುಂಬ ದಿನ ಹಾಗೇ ಬಿಟ್ಟರೆ ಗ್ಲಾಕೋಮಾ ಆಗಿ ನರವೇ ಹಾಳಾಗಬಹುದು, ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಪೊರೆಯೂ ಬೇಗ ಬಲಿಯುತ್ತದೆ. ಕಾರ್ನಿಯಾದಲ್ಲಿ ಸೋಂಕಿದ್ದಾಗ ಹಾಕಿಬಿಟ್ಟರೆ ಇನ್ನೂ ಅಪಾಯ. ಪೊರೆ ಆಪರೇಷನ್ ಆದವರಿಗೆ ಅದೇ ಹನಿ ಬೇಕೇ ಬೇಕು, ಅದು ಬೇರೆ ಮಾತು. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರು ಹಾಕಿಕೊಳ್ಳುವುದು, ಅದರಲ್ಲೂ ಕೆಂಪು ಇಳಿಯಿತು ಅಂತ ಖುಷಿಪಟ್ಟು ಮುಂದುವರಿಸುವುದು ನನಗಂತೂ ಕಣ್ಣಲ್ಲಿ ನೀರು ಬರುವುದಕ್ಕಿಂತ ದೊಡ್ಡ ಚಿಂತೆ.

ನಡುವೆ ಒಂದು ಮಗುವಿನ ವಿಷಯ

ಎದ್ದು ಹೊರಡುವಾಗ ಅವರಿಗೆ ನೆನಪಾಯಿತು. "ಮಗಳ ಮಗೂಗೆ ಮೂರು ತಿಂಗಳು. ಅದಕ್ಕೂ ಒಂದು ಕಣ್ಣಲ್ಲಿ ನೀರು, ಗೀಜು. ನನ್ನಿಂದ ಬಂತೇನೋ?"

ಇಲ್ಲ. ಹುಟ್ಟುವಾಗ ಆ ನಾಳದ ಕೆಳತುದಿಯಲ್ಲಿ ಒಂದು ತೆಳು ಪೊರೆ ಕೆಲವು ಮಕ್ಕಳಿಗೆ ತೆರೆದಿರುವುದಿಲ್ಲ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಒಂದು ವರ್ಷದೊಳಗೆ ತಾನಾಗೇ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ಚೀಲದ ಮೇಲಿಂದ ಕೆಳಕ್ಕೆ ಬೆರಳಿನಿಂದ ಒತ್ತಿ ಮಾಡುವ ಒಂದು ಮಸಾಜ್ ಇದೆ. ಸುಮ್ನೆ ಚರ್ಮ ಸವರಿದರೆ ಉಪಯೋಗವಿಲ್ಲ, ಒಮ್ಮೆ ಕೈ ಹಿಡಿದು ತೋರಿಸಿಕೊಂಡು ಕಲಿಯಬೇಕು. ವರ್ಷ ತುಂಬಿದರೂ ನಿಲ್ಲದಿದ್ದರೆ ತೆಳು ಕಡ್ಡಿ ಹಾಯಿಸಿ ತೆರೆಯುತ್ತಾರೆ.

ಡಾಕ್ಟರು ಒಂದೇ ಎಚ್ಚರಿಕೆ ಹೇಳಿದರು, ಸ್ವಲ್ಪ ದನಿ ಏರಿಸಿಯೇ ಹೇಳಿದರು. ಮಗು ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರೆ, ಕಪ್ಪು ಗುಡ್ಡೆ ದೊಡ್ಡದಾಗಿ ಅಥವಾ ಮಬ್ಬಾಗಿ ಕಂಡರೆ, ವರ್ಷ ತುಂಬಲಿ ಅಂತ ಕಾಯುವ ಹಾಗಿಲ್ಲ. ಹುಟ್ಟಿನಿಂದ ಬರುವ ಗ್ಲಾಕೋಮಾದಲ್ಲೂ ಕಣ್ಣಲ್ಲಿ ನೀರು ಬರುತ್ತದೆ. ಮೂಗಿನ ಪಕ್ಕ ಕೆಂಪಗೆ ಊದಿ ಜ್ವರ ಬಂದರೂ ಅಂದೇ ತೋರಿಸಬೇಕು.

ಚಿಕಿತ್ಸೆ, ಮೊದಲ ಸುತ್ತು

ಸ್ಟೀರಾಯ್ಡ್ ಹನಿ ನಿಂತಿತು. ಅಲರ್ಜಿ ಮಾತ್ರೆಯೂ ನಿಂತಿತು. ದಿನಕ್ಕೆ ಎರಡು ಸಲ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದರಿಂದ ಹತ್ತು ನಿಮಿಷ ಇಡಬೇಕು, ಆರಿದರೆ ಮತ್ತೆ ಬಿಸಿ ಮಾಡಬೇಕು. ರೆಪ್ಪೆ ಸುಡುವಷ್ಟು ಬಿಸಿ ಬೇಡ. ಒಳಗಿನ ಗಟ್ಟಿ ಎಣ್ಣೆ ಕರಗಿದ ಮೇಲೆ ಅಂಚಿನ ಕಡೆಗೆ ಮೆತ್ತಗೆ ತೀಡಿ, ಸ್ವಚ್ಛ ಮಾಡಬೇಕು. ಇದರ ಜೊತೆಗೆ ಪ್ರಿಸರ್ವೇಟಿವ್ (ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ ಕೃತಕ ಕಣ್ಣೀರು, ದಿನಕ್ಕೆ ನಾಲ್ಕು ಸಲ. ಪದೇ ಪದೇ ಹಾಕುವವರಿಗೆ ಪ್ರಿಸರ್ವೇಟಿವ್ ಇರುವ ಹನಿಯೇ ಕಣ್ಣು ಕೆಣಕಬಹುದು. ಕಂಪ್ಯೂಟರ್ ಪರದೆ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬಂತು, ಫ್ಯಾನಿನ ಮುಖ ತಿರುಗಿತು.

ಮೂರನೇ ದಿನ ಫೋನ್ ಬಂತು. ಹನಿ ಹಾಕಿದ ತಕ್ಷಣ ಎಲ್ಲಾ ಹೊರಗೇ ಸುರಿಯುತ್ತಿದೆ, ಔಷಧಿ ಸೇರುತ್ತಲೇ ಇಲ್ಲ ಅಂತ. ಇದು ಹಾಗಲ್ಲ. ಕಣ್ಣಿನ ಮೇಲೆ ಸಾಮಾನ್ಯವಾಗಿ ಇರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್. ಬಾಟಲಿಯ ಒಂದು ಹನಿ 30ರಿಂದ 50. ಒಂದೇ ಹನಿ ಸಾಕು, ಮಿಕ್ಕಿದ್ದು ಸುರಿದೇ ಸುರಿಯುತ್ತದೆ. ಎರಡು ಬೇರೆ ಔಷಧಿ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು.

ಆರು ವಾರದಲ್ಲಿ ಬಲಗಣ್ಣಿನ ನೀರು ಬಹುಪಾಲು ನಿಂತಿತು. ಒತ್ತಡ ಎರಡೂ ಕಡೆ 16ಕ್ಕೆ ಇಳಿಯಿತು. ಎಡಗಣ್ಣಿನ ಉರಿ ಕಡಿಮೆಯಾಯಿತು, ಸೋರುವುದು ಮಾತ್ರ ಹಾಗೇ ಇತ್ತು. ಆ ಕಣ್ಣಿಗೆ ಹನಿಯಿಂದ ಪರಿಹಾರ ಇಲ್ಲ, ದೊಡ್ಡವರಲ್ಲಿ ಪೂರ್ತಿ ಮುಚ್ಚಿದ ನಾಳ ತಾನಾಗಿ ತೆರೆಯುವುದಿಲ್ಲ, ಆಪರೇಷನ್ ಬೇಕು ಅಂತ ಡಾಕ್ಟರು ವಿವರಿಸಿದರು. ಇನ್ನೊಂದು ಕಾರಣವನ್ನೂ ಹೇಳಿದರು. ಮುಂದೆ ಪೊರೆ ತೆಗೆಸಬೇಕಾಗುತ್ತದೆ. ಚೀಲದಲ್ಲಿ ಕೊಳೆತ ನೀರು ನಿಂತಿರುವಾಗ ಕಣ್ಣು ತೆರೆದು ಆಪರೇಷನ್ ಮಾಡಿದರೆ ಆ ಕ್ರಿಮಿಗಳು ಕಣ್ಣಿನ ಒಳಕ್ಕೇ ಇಳಿಯಬಹುದು. ಅದಕ್ಕೇ ಮೊದಲು ಇದು, ಆಮೇಲೆ ಅದು.

"ನೀರು ತಾನೇ, ಒರೆಸ್ಕೋತೀನಿ ಬಿಡಿ" ಅಂದರು ಅವರು. ಅದೂ ತಪ್ಪಲ್ಲ. ತೊಂದರೆ ಸಹಿಸುವಷ್ಟಿದ್ದರೆ ಕಾಯುವ ಹಕ್ಕು ಅವರದ್ದೇ. ಕಾಯುವಾಗ ಏನನ್ನು ಗಮನಿಸಬೇಕು ಅನ್ನುವುದು ಗೊತ್ತಿರಬೇಕು, ಅಷ್ಟೇ.

ಊತ ಬಂದ ದಿನ

ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಎಡಗಣ್ಣಿನ ಮೂಲೆ, ಮೂಗಿನ ಪಕ್ಕ, ನೋಯತೊಡಗಿತು. ಬೆಳಿಗ್ಗೆ ಹೊತ್ತಿಗೆ ಅಲ್ಲಿ ಕೆಂಪು ಗಂಟು, ಮುಟ್ಟಿದರೆ ಜೀವ ಹೋಗುವಷ್ಟು ನೋವು, ಮೈ ಬಿಸಿ. ಮಗಳು ಒತ್ತಿ ಕೀವು ತೆಗೆಯಲು ಹೊರಟಿದ್ದಳಂತೆ. "ಬೇಡ ಕಣೇ, ಡಾಕ್ಟ್ರು ಮುಟ್ಟಬೇಡಿ ಅಂದಿದಾರೆ" ಅಂತ ಇವರು ತಡೆದರು. ಒಳ್ಳೆಯದೇ ಆಯಿತು. ಅಲ್ಲಿ ಹಿಂಡಿದರೆ ಸೋಂಕು ಕಣ್ಣಿನ ಹಿಂದಕ್ಕೆ ಹರಡಬಹುದು.

ನಿಂತ ನೀರಿನ ಚೀಲದಲ್ಲಿ ಸೋಂಕು ತಗುಲಿತ್ತು. ಇದು ಅಂದೇ ತೋರಿಸಬೇಕಾದ ಸ್ಥಿತಿ. ಡಾಕ್ಟರು ಮೊದಲು ನೋಡಿದ್ದು ಊತವನ್ನಲ್ಲ. ಕಣ್ಣುಗುಡ್ಡೆ ಮುಂದಕ್ಕೆ ಬಂದಿದೆಯಾ, ಎಲ್ಲ ಕಡೆ ಹೊರಳುತ್ತದೆಯಾ, ಹೊರಳಿಸಿದರೆ ನೋವಾ, ಎರಡೆರಡು ಕಾಣುತ್ತದೆಯಾ, ದೃಷ್ಟಿ ಕುಗ್ಗಿದೆಯಾ ಅಂತ ನೋಡಿದರು. ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕ ಔಷಧಿ ಕೊಡಬೇಕಾಗುತ್ತಿತ್ತು. ಇರಲಿಲ್ಲ. ಆಂಟಿಬಯಾಟಿಕ್ ಮಾತ್ರೆ, ನೋವಿನ ಮಾತ್ರೆ, ಬೆಚ್ಚನೆಯ ಬಟ್ಟೆ, ಎರಡು ದಿನ ಬಿಟ್ಟು ಮತ್ತೆ ತೋರಿಸಿ ಅಂದರು. ಇಂಥ ಹೊತ್ತಿನಲ್ಲಿ ಸಿರಿಂಜಿಂಗ್ ಮಾಡುವುದಿಲ್ಲ.

ಕಣ್ಣಲ್ಲಿ ನೀರು ಬರುವವರೆಲ್ಲ ಹೀಗೆ ಓಡಬೇಕಿಲ್ಲ. ಗಾಳಿಗೆ, ಹೊಗೆಗೆ, ನೆಗಡಿಗೆ, ಈರುಳ್ಳಿಗೆ ಬರುವ ನೀರು ತಾನಾಗಿ ಹೋಗುತ್ತದೆ. ಕೆಲವು ವಾರವಾದರೂ ನಿಲ್ಲದಿದ್ದರೆ, ಒಂದೇ ಕಣ್ಣು ಸದಾ ಸೋರುತ್ತಿದ್ದರೆ, ಗೀಜು ಬರುತ್ತಲೇ ಇದ್ದರೆ ಪುರುಸೊತ್ತು ಮಾಡಿಕೊಂಡು ತೋರಿಸಿದರೆ ಸಾಕು. ಆದರೆ ನೀರಿನ ಜೊತೆ ಬೇರೇನಾದರೂ ಸೇರಿಕೊಂಡರೆ ಲೆಕ್ಕ ಬದಲಾಗುತ್ತದೆ. ಕಣ್ಣೊಳಗೆ ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಸುಕಾಗಿ ರೆಪ್ಪೆ ಬಡಿದರೂ ತಿಳಿಯಾಗದಿರುವುದು, ಇವು ಕಾರ್ನಿಯಾದ ಹುಣ್ಣಿಗೋ ಒಳಗಿನ ಉರಿಯೂತಕ್ಕೋ ಗುರುತು. ಅಂದೇ ಹೋಗಬೇಕು. ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಒತ್ತಡ ಒಮ್ಮೆಲೇ ಏರಿರಬಹುದು, ಅಲ್ಲಿ ಗಂಟೆಗಳ ಲೆಕ್ಕ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕಣ್ಣು ಕೆಂಪಾಗಿ ನೀರು ಬಂದರೆ ಲೆನ್ಸ್ ತೆಗೆದು ಅಂದೇ ತೋರಿಸಬೇಕು. ಲೋಹ ಉಜ್ಜುವಾಗ, ಸುತ್ತಿಗೆ ಬಡಿಯುವಾಗ ಚೂರು ಹಾರಿದ್ದರೂ ಅಷ್ಟೇ. ಸುಣ್ಣ, ಆಸಿಡ್, ಫಿನಾಯಿಲ್ ಥರದ್ದು ಬಿದ್ದರೆ ಆಸ್ಪತ್ರೆಗೆ ಹೊರಡುವುದಕ್ಕೂ ಮೊದಲು ಹರಿಯುವ ನೀರಿನಲ್ಲಿ ಕನಿಷ್ಠ 15-20 ನಿಮಿಷ ತೊಳೆಯಬೇಕು. ಹಣೆ ಅಥವಾ ಮೂಗಿನ ತುದಿಯಲ್ಲಿ ಸರ್ಪಸುತ್ತಿನ ಗುಳ್ಳೆ ಎದ್ದು ಕಣ್ಣು ಕೆಂಪಾದರೂ ಕಾಯಬಾರದು. ನೋವಿಲ್ಲದಿದ್ದರೂ ಬಿಡಬಾರದ್ದು ಇನ್ನೊಂದಿದೆ: ಕಣ್ಣೀರಿನಲ್ಲಿ ರಕ್ತ, ಅಥವಾ ಮೂಗಿನ ಪಕ್ಕ ಗಟ್ಟಿಯಾಗಿ ಬೆಳೆಯುವ ಗಂಟು. ಅಪರೂಪಕ್ಕೆ ಅದು ಗಡ್ಡೆ ಇರುತ್ತದೆ.

ಆಪರೇಷನ್, ಆಮೇಲೆ

ಊತ ಪೂರ್ತಿ ಇಳಿದು ಕೆಲವು ವಾರವಾದ ಮೇಲೆ ಡಿಸಿಆರ್ ಆಪರೇಷನ್ ಆಯಿತು. ಮುಚ್ಚಿದ ನಾಳವನ್ನು ರಿಪೇರಿ ಮಾಡುವ ಗೋಜಿಗೆ ಹೋಗುವುದಿಲ್ಲ. ಚೀಲಕ್ಕೂ ಮೂಗಿಗೂ ನಡುವಿನ ಎಲುಬಿನ ಚೂರನ್ನು ತೆಗೆದು ಹೊಸ ದಾರಿ ಮಾಡುತ್ತಾರೆ. ಚರ್ಮದ ಮೇಲೆ ಸಣ್ಣ ಗೀರು ಹಾಕಿಯೂ ಮಾಡಬಹುದು, ಮೂಗಿನೊಳಗಿಂದ ಎಂಡೋಸ್ಕೋಪ್ ಹಾಕಿಯೂ ಮಾಡಬಹುದು. ಹೊರಗಿನಿಂದ ಮಾಡುವ ವಿಧಾನವನ್ನು ಇಟಲಿಯ ಟೋಟಿ 1904ರಲ್ಲೇ ವಿವರಿಸಿದ್ದರು. ಹತ್ತರಲ್ಲಿ ಒಂಬತ್ತು ಮಂದಿಗೆ ಫಲ ಕೊಡುವ ಆಪರೇಷನ್ ಇದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು, ಮೂಗಿನಲ್ಲಿ ರಕ್ತ ಸುರಿಯುವುದೇ ಇದರಲ್ಲಿ ಮುಖ್ಯ ತಲೆನೋವು. ಇವರಿಗೆ ಒಳಗೆ ತೆಳು ಸಿಲಿಕೋನ್ ಟ್ಯೂಬ್ ಇಟ್ಟಿದ್ದರು, ಎರಡು ತಿಂಗಳಾದ ಮೇಲೆ ತೆಗೆದರು. ಮೊದಲ ಒಂದೆರಡು ವಾರ ಮೂಗು ಸೀಟುವ ಹಾಗಿರಲಿಲ್ಲ.

ಎಡಗಣ್ಣು ಸೋರುವುದು ನಿಂತಿತು. ಗೀಜೂ ಇಲ್ಲ. ಆದರೆ ಟ್ಯೂಬ್ ತೆಗೆದ ಮುಂದಿನ ವಾರವೇ ಹೊಸ ದೂರು: ಆ ಕಣ್ಣು ಈಗ ಚುಚ್ಚುತ್ತಿದೆ, ಬಲಗಣ್ಣಿನ ಹಾಗೇ. ಆಪರೇಷನ್ ಕೆಟ್ಟಿತಾ ಅಂತ ಹೆದರಿ ಬಂದರು. ಕೆಟ್ಟಿರಲಿಲ್ಲ. ಆ ಕಣ್ಣಿನ ಕಣ್ಣೀರಿನ ಪದರವೂ 5 ಸೆಕೆಂಡಿಗೇ ಒಡೆಯುತ್ತಿತ್ತಲ್ಲ, ನೆನಪಿದೆಯಾ? ಎಡಗಣ್ಣೂ ಒಣಗಣ್ಣೇ. ದಾರಿ ಕಟ್ಟಿಕೊಂಡು ನೀರು ನಿಂತಿದ್ದರಿಂದ ಅದು ಇಷ್ಟು ದಿನ ಎದ್ದು ಕಂಡಿರಲಿಲ್ಲ. ನೀರು ಇಳಿದುಹೋಗುವಂತಾದ ಮೇಲೆ ಮೇಲಕ್ಕೆ ಬಂತು. ಬಿಸಿ ಬಟ್ಟೆ, ಕೃತಕ ಕಣ್ಣೀರು ಈಗ ಎರಡೂ ಕಣ್ಣಿಗೆ ನಡೆಯುತ್ತಿದೆ. ಇದು ವಾಸಿಯಾಗಿ ಮುಗಿಯುವ ಕಾಯಿಲೆಯಲ್ಲ, ಹದದಲ್ಲಿ ಇಟ್ಟುಕೊಳ್ಳುವಂಥದ್ದು. ಅವರು ನಡುನಡುವೆ ಬಿಡುತ್ತಾರೆ, ಚುಚ್ಚಿದಾಗ ಮತ್ತೆ ಶುರುಮಾಡುತ್ತಾರೆ. ಬಹಳ ಜನ ಮಾಡುವುದು ಹಾಗೇ.

ವರ್ಷ ಕಳೆದು ಪೊರೆ ಆಪರೇಷನ್‌ಗೆ ದಿನ ಗೊತ್ತಾದಾಗ ಅವರು ಮತ್ತೆ ಫೋನ್ ಮಾಡಿದರು. ಬೆಳಿಗ್ಗೆ ತಣ್ಣನೆ ಗಾಳಿಯಲ್ಲಿ ನಡೆಯುವಾಗ ಎರಡೂ ಕಣ್ಣಲ್ಲಿ ನೀರು ಬರುತ್ತದೆ, ದಾರಿ ಮತ್ತೆ ಕಟ್ಟಿಕೊಂಡಿದೆಯೇನೋ ಅಂತ ಭಯ.

"ಒಳಗೆ ಬಂದ ಮೇಲೂ ಬರುತ್ತಾ?"

"ಇಲ್ಲ, ನಿಲ್ಲುತ್ತೆ."

"ಗೀಜು? ನೋವು? ದೃಷ್ಟಿ?"

"ಗೀಜಿಲ್ಲ, ನೋವಿಲ್ಲ. ಮುಂಚೆ ಹೇಗೆ ಕಾಣ್ತಿತ್ತೋ ಹಾಗೇ ಇದೆ."

"ಹಾಗಾದ್ರೆ ಇದಕ್ಕಂತ ಬರೋದು ಬೇಡ. ಗಾಳಿಗೆ ಎಲ್ಲರ ಕಣ್ಣಲ್ಲೂ ಬರುತ್ತೆ. ಆಪರೇಷನ್‌ಗೆ ಮುಂಚೆ ಹೇಗೂ ದಾರಿ ನೋಡೇ ನೋಡ್ತೀವಿ."